ಐದನೆಯ ಹಿಡಿ ಅಕ್ಕಿ

ನನ್ನ ತಮ್ಮ ಕರಿಬಸಪ್ಪ ಚರ್ಚಿಗೆ ಸೇರಿದ ದಿನವೇ ಹೇಳಿದ್ದೆ, ನಿನ್ನ ಗುಡಿಯ ಹೊಸ್ತಿಲು ನಾನು ತುಳಿಯುವುದಿಲ್ಲ ಎಂದು. ಇಪ್ಪತ್ತು ವರ್ಷ ಹಟ ಸಾಧಿಸಿದೆ. ತಾಯಿಯಿಲ್ಲದ ಅವನ ಮಗಳು ಲಲಿತಾ ಹತ್ತು ವರ್ಷದವಳಾಗುವ ತನಕ ಕನಕಗಿರಿಯ ನನ್ನ ಮನೆಯಲ್ಲೇ ಬೆಳೆದಳು. ಆಮೇಲೆ ಗಂಗಾವತಿಗೆ ಅಪ್ಪನ ಹತ್ತಿರ ಹೋದಳು. ಪ್ರತಿ ಕ್ರಿಸ್‌ಮಸ್‌ಗೆ ಫೋನ್ ಮಾಡಿ, "ಅತ್ತಿ, ಈ ಸಲನಾದ್ರೂ ಬಾ, ನಾ ಚರ್ಚಿನ್ಯಾಗ ಹಾಡೂದು ಕೇಳು" ಎನ್ನುತ್ತಿದ್ದಳು. "ನಿನ್ನ ಮದುವಿಗೆ ಬರ್ತೀನಿ ಬಿಡವ್ವಾ" ಎಂದು ಫೋನ್ ಇಡುತ್ತಿದ್ದೆ.

ಈಗ ಬಂದೆ. ಮದುವೆಗೆ ಇನ್ನೂ ಹದಿನೆಂಟು ದಿನ ಇತ್ತು. ಡೆಂಗ್ಯೂ ಜ್ವರ ಐದೇ ದಿನದಲ್ಲಿ ಅವಳನ್ನು ಮುಗಿಸಿತು. ಮದುವೆಗೆಂದು ಹೊಲಿಸಿದ ಬಿಳಿ ಗೌನು ತೊಟ್ಟು ಪೆಟ್ಟಿಗೆಯೊಳಗೆ ಮಲಗಿದ್ದಳು. ಅವಳ ಗೆಳತಿಯರು ಹಾಡುತ್ತಿದ್ದರು, ಸಾಲಿನಲ್ಲಿ ಅವಳ ಜಾಗ ಖಾಲಿ ಬಿಟ್ಟಿದ್ದರು. ಹಾಳು ಹಟ ನನ್ನದು. ಒಂದು ಸಲ ಬಂದು ಕೂತು ಕೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ನನ್ನ ಕೈಚೀಲದಲ್ಲಿ ಒಂದು ಬಟ್ಟೆಯ ಗಂಟಿತ್ತು. ಅದರಲ್ಲಿ ಐದು ಹಿಡಿ ಅಕ್ಕಿ, ಅರಿಶಿನ ಬೇರು, ಅಡಿಕೆ, ಒಣಕೊಬ್ಬರಿ. ನಮ್ಮಲ್ಲಿ ಮನೆ ಬಿಟ್ಟು ಹೊರಟ ಹೆಣ್ಣುಮಗಳನ್ನು ಉಡಿ ತುಂಬದೆ ಕಳಿಸುವುದಿಲ್ಲ, ಅದು ಗಂಡನ ಮನೆಗಾಗಲಿ, ಮಣ್ಣಿಗಾಗಲಿ. ಯಾರು ಏನೇ ಅನ್ನಲಿ, ಇದೊಂದು ಮಾಡಿಯೇ ತೀರಬೇಕೆಂದು ಬಸ್ಸಿನಲ್ಲೇ ತೀರ್ಮಾನಿಸಿದ್ದೆ.

ಕೊನೆಯ ಸಲ ಮುಖ ನೋಡಲು ಎಲ್ಲರೂ ಸಾಲಾಗಿ ಹೋದರು. ನಾನು ಗಂಟು ಹಿಡಿದು ಪೆಟ್ಟಿಗೆಯ ಮೇಲೆ ಬಗ್ಗಿದೆ. ಗೌನಿಗೆ ಸೆರಗೆಲ್ಲಿದೆ, ಉಡಿ ತುಂಬುವುದೆಲ್ಲಿ? ನನ್ನ ಸೆರಗನ್ನೇ ಅವಳ ಮೇಲೆ ಹಾಸಿದೆ. ತಮ್ಮ ಬಂದು ಕೈ ಹಿಡಿದ.

"ಅಕ್ಕಾ, ಇಲ್ಲಿ ಅದು ನಡಿಯಂಗಿಲ್ಲ. ಎಲ್ಲಾರೂ ನೋಡಾಕತ್ಯಾರ."

"ನೋಡ್ಲಿ. ಹುಡುಗಿ ಖಾಲಿ ಉಡೀಲೆ ಹೊಂಟಾಳ."

"ಆಕಿಗೆ ಅದೆಲ್ಲಾ ಬೇಕಾಗಿಲ್ಲಕ್ಕಾ. ಸುಮ್ಮನ ಸರಿ."

ಸರಿದೆ. ಹೆಣದ ಮುಂದೆ ಜಗಳ ಕಾಯುವಷ್ಟು ಗಟ್ಟಿ ನಾನಲ್ಲ. ಮುಚ್ಚಳ ಹಾಕಿ ಮೊಳೆ ಹೊಡೆದರು. ಒಂದೊಂದು ಏಟಿಗೂ ಅವನ ಮೇಲೆ ಸಿಟ್ಟು ಉಕ್ಕಿ ಬರುತ್ತಿತ್ತು.

ಸ್ಮಶಾನದಲ್ಲಿ ಪೆಟ್ಟಿಗೆ ಇಳಿಸಿದ ಮೇಲೆ ಪಾದ್ರಿ ಎಲ್ಲರಿಗೂ ಮೂರು ಹಿಡಿ ಮಣ್ಣು ಹಾಕಲು ಹೇಳಿದರು. ನನ್ನ ಸರದಿ ಬಂದಾಗ ನಾನು ಮಣ್ಣು ಮುಟ್ಟಲಿಲ್ಲ. ಗಂಟು ಬಿಚ್ಚಿ ಅಕ್ಕಿ ಹಾಕಿದೆ. ಒಂದು, ಎರಡು, ಮೂರು. ಕೊಬ್ಬರಿ ಪೆಟ್ಟಿಗೆಯ ಮೇಲೆ ಬಿದ್ದು ಸದ್ದಾಯಿತು. ಹಿಂದೆ ಯಾರೋ ಗೊಣಗಿದರು. ಪಾದ್ರಿ ಪುಸ್ತಕ ನೋಡುತ್ತಾ ನಿಂತರು. ನಾಲ್ಕನೆಯದನ್ನೂ ಹಾಕಿದೆ.

ತಮ್ಮ ಪಕ್ಕಕ್ಕೆ ಬಂದ. ಬೈದರೆ ಬೈಯಲಿ ಎಂದು ತಿರುಗಿದೆ. ಅವನು ಕೈ ಚಾಚಿದ್ದ.

"ಉಳಿದದ್ದು ನನ್ನ ಕೈಯಾಗ ಕೊಡಕ್ಕಾ."

"ಈಗ್ಯಾಕ? ಆಗ ಬ್ಯಾಡಂದಿ."

"ಮಗಳಿಗೆ ನಾ ಏನೂ ಕೊಟ್ಟಿಲ್ಲ. ಎಲ್ಲಾ ಮದುವ್ಯಾಗ ಕೊಟ್ರಾತು ಅಂದಿದ್ನಿ."

ನಾನೂ ಹಾಗೇ ಅಂದವಳು. ಐದನೆಯ ಹಿಡಿಯನ್ನು ಅವನ ಅಂಗೈಗೆ ಸುರಿದೆ. ಅವನು ಮುಷ್ಟಿ ಬಿಗಿದು ಗುಂಡಿಯ ಅಂಚಿನಲ್ಲಿ ನಿಂತ. ಹಾಕಲಿಲ್ಲ. ಜನ ಸಲಿಕೆಯಿಂದ ಮಣ್ಣು ಎಳೆದರು, ಗುಂಡಿ ತುಂಬಿತು.

ಮನೆಗೆ ಬಂದು ಕೈ ತೊಳೆಯಲು ನೀರು ಕೊಟ್ಟೆ. ಮುಷ್ಟಿ ಇನ್ನೂ ಬಿಗಿದೇ ಇತ್ತು. ಬೆರಳ ಸಂದಿಯಲ್ಲಿ ಬೆವರಿಗೆ ನೆನೆದ ಅಕ್ಕಿ ಕಾಣುತ್ತಿತ್ತು.

"ಕೈ ಬಿಡೋ ತಮ್ಮಾ" ಎಂದೆ.

"ಬಿಟ್ರ ಆಕಿ ಹೋಗ್ತಾಳಕ್ಕಾ" ಎಂದ.