ರೆನ್ಸ್ಕೆಯ ಬಿಸ್ಕತ್ತು ಡಬ್ಬಿ

ಅಮ್ಮನನ್ನು ಮಣ್ಣು ಮಾಡಿ ಬಂದ ವಿಲ್ಮಾ ಇನ್ನೂ ಕಪ್ಪು ಬಟ್ಟೆ ಬದಲಿಸಿರಲಿಲ್ಲ, ವೃದ್ಧಾಶ್ರಮದಿಂದ ನರ್ಸ್ ಬ್ರೆಂಡಾಳ ಫೋನು ಬಂತು.

"ಇವತ್ತು ನಿನ್ನ ಕರೀಬಾರ್ದಿತ್ತು ವಿಲ್ಮಾ. ಆದ್ರೆ ನಿಮ್ಮಮ್ಮ ಹೋದಾಗಿಂದ ಡೌವೆ ಅಜ್ಜ ಬಾಯಿಗೆ ಏನೂ ಹಾಕ್ಕೊಂಡಿಲ್ಲ. ಜಪ್ಪಯ್ಯ ಅಂದ್ರೂ ತುಟಿ ಬಿಚ್ಚಲ್ಲ. ನಾಳೆ ಆಸ್ಪತ್ರೆಗೆ ಕಳಿಸಿ ಮೂಗಿಗೆ ಊಟದ ನಳಿಕೆ ಹಾಕಿಸ್ತೀವಿ ಅಂತಿದಾರೆ ಡಾಕ್ಟ್ರು."

ಹಾಲೆಂಡಿನಿಂದ ಹಡಗು ಹತ್ತಿ ಕೆನಡಾದ ಒಂಟಾರಿಯೋಗೆ ಬಂದು, ಜೀವಮಾನವಿಡೀ ಈರುಳ್ಳಿ ಬೆಳೆದ ಮುದುಕ ಡೌವೆ. ತೊಂಬತ್ತು ದಾಟಿದ ಮೇಲೆ ಇಂಗ್ಲಿಷು ಪೂರ್ತಿ ಮರೆತುಹೋಗಿ, ಅವನ ಮನಸ್ಸು ಹಾಲೆಂಡಿನ ಫ್ರೀಸ್‌ಲ್ಯಾಂಡ್ ಪ್ರಾಂತ್ಯದ ತನ್ನ ಹಳ್ಳಿಗೆ ಹಿಂತಿರುಗಿ ಕೂತುಬಿಟ್ಟಿತ್ತು. "ಆಸ್ಪತ್ರೆಗೆ ಹೋದ್ರೆ ಅಜ್ಜ ವಾಪಸ್ ಬರಲ್ಲ" ಎಂದು ಅಮ್ಮ ಎಷ್ಟೋ ಸಲ ಹೇಳಿದ್ದಳು. ಅವಳ ಮಾತು ಸುಳ್ಳಾಗುತ್ತಿದ್ದುದು ಕಡಿಮೆ.

ಅಮ್ಮ ರೆನ್ಸ್ಕೆಯೂ ಆ ಕಡೆಯವಳೇ. ಆಶ್ರಮದಲ್ಲಿ ಮುದುಕರ ಆರೈಕೆ ಮಾಡುತ್ತಿದ್ದವಳು, ನಿವೃತ್ತಿಯಾದ ಮೇಲೂ ದಿನಾ ಹತ್ತು ಗಂಟೆಯ ಕಾಫಿಗೆ ಅಲ್ಲಿ ಹಾಜರ್. ಮುದುಕರನ್ನು ಹೂವೆತ್ತಿದ ಹಾಗೆ ಎತ್ತಿ ಕೂರಿಸುವ ಕೈ ಅವಳದು. ಸ್ನಾನ ಮಾಡಿಸುವಾಗ ತನ್ನ ಕೈಯನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿಕೊಂಡೇ ಅವರ ಮೈ ಮುಟ್ಟುತ್ತಿದ್ದಳು. ಅಂಥ ಹೆಂಗಸು ಮತ್ತೊಬ್ಬಳಿಲ್ಲ ಎಂದು ಮಗಳು ಹೇಳಬೇಕಾಗಿರಲಿಲ್ಲ, ಊರೇ ಹೇಳುತ್ತಿತ್ತು. ಆದರೂ ಕೆನಡಾದವರಿಗೆ ಅವಳು ಕೊನೆಯವರೆಗೂ 'ಆ ಡಚ್ಚಿನವಳು'. ತವರಿಗೆ ಹೋದರೆ ತಂಗಿಯರು, "ಬಂದ್ಲು ನೋಡು ಕೆನಡಾದವಳು. ಮಾತು ಮಾತ್ರ ನಮ್ಮಜ್ಜಿ ಕಾಲದ್ದು" ಎಂದು ಆಡಿಕೊಳ್ಳುತ್ತಿದ್ದರು.

"ಎರಡು ದೇಶ ಇದ್ರೆ ಎಷ್ಟು ಅನುಕೂಲ ಕಣೇ" ಎಂದು ರೆನ್ಸ್ಕೆ ನಗುತ್ತಿದ್ದಳು. "ಇಲ್ಲಿ ಕೂತು ಅದನ್ನ ಬೈಬಹುದು, ಅಲ್ಲಿ ಕೂತು ಇದನ್ನ." ವಿಮಾನ ಹತ್ತುವಾಗ ಮಾತ್ರ ಎರಡೂ ಕಡೆ ಅಳುತ್ತಿದ್ದಳು.

ಬರಿಗೈಯಲ್ಲಿ ಹೋಗಲು ಮನಸ್ಸಾಗದೆ ವಿಲ್ಮಾ ಅಮ್ಮನ ಅಡುಗೆಮನೆಯ ಬಿಸ್ಕತ್ತು ಡಬ್ಬಿ ಎತ್ತಿಕೊಂಡು ಹೊರಟಳು.

ಆಶ್ರಮದಲ್ಲಿ ಡೌವೆಯ ಮುಂದೆ ತಟ್ಟೆ ತುಂಬ ಬಿಸ್ಕತ್ತು ರಾಶಿ. ಪಕ್ಕದಲ್ಲಿ ಬ್ರೆಂಡಾ ಕಾಫಿ ಲೋಟ ಹಿಡಿದು ನಿಂತೇ ಇದ್ದಳು. "ಎಷ್ಟು ಬೇಕಾದ್ರೂ ತಗೋ ಅಜ್ಜಾ. ಎಲ್ಲಾ ನಿಂದೇ." ಪಾಪ, ಅವಳದು ಒಳ್ಳೆಯ ಮನಸ್ಸು. ಮುದುಕ ಮಾತ್ರ ಕೋಟಿನ ಗುಂಡಿ ಹಾಕಿಕೊಂಡು, ಮಂಡಿಯ ಮೇಲೆ ಕೈಯಿಟ್ಟು, ನೆಟ್ಟಗೆ ಕೂತಿದ್ದ.

ಭಾನುವಾರ ಚರ್ಚು ಮುಗಿಸಿ ಪರರ ಮನೆಗೆ ಕಾಫಿಗೆ ಬಂದವನ ಹಾಗೆ ಕೂತಿದಾನಲ್ಲ ಅನ್ನಿಸಿದ್ದೇ ವಿಲ್ಮಾಗೆ ಎಲ್ಲ ಹೊಳೆಯಿತು. ಅವನ ಕಣ್ಣಿಗೆ ಬ್ರೆಂಡಾ ಮನೆಯೊಡತಿ. ಅವಳು ಇನ್ನೂ ನಿಂತಿದ್ದಾಳೆ, ಅವಳು ಕೂರದೆ ಮರ್ಯಾದಸ್ಥರು ಲೋಟ ಮುಟ್ಟುವುದು ಹೇಗೆ? ಕಾಫಿಗೆ ಒಂದೇ ಬಿಸ್ಕತ್ತು, ಆಮೇಲೆ ಡಬ್ಬಿಗೆ ಮುಚ್ಚಳ. ಅದು ಅವರ ಕಡೆಯ ಪದ್ಧತಿ. ರಾಶಿಗೆ ಕೈ ಹಾಕಿದರೆ ಹೊಟ್ಟೆಬಾಕ ಅನ್ನಿಸಿಕೊಳ್ಳಬೇಕಾಗುತ್ತದೆ. ಮುದುಕ ಹಸಿದುಕೊಂಡು ಮಾನ ಕಾಪಾಡಿಕೊಳ್ಳುತ್ತಿದ್ದ.

ವಿಲ್ಮಾ ತಟ್ಟೆ ತೆಗೆದಿಟ್ಟಳು. "ಬ್ರೆಂಡಾ, ನೀನೂ ಕೂತ್ಕೋ." ಕಾಫಿ ಬಗ್ಗಿಸಿ ತಾನೂ ಕೂತಳು. ಡಬ್ಬಿ ತೆರೆದು, ತನಗೆ ಬರುವ ಹರಕುಮುರುಕು ಫ್ರಿಸಿಯನ್ನಿನಲ್ಲಿ, ಅಂದರೆ ಅವನ ಊರಿನ ಭಾಷೆಯಲ್ಲಿ, "ತಗೊಳ್ಳಿ ಅಜ್ಜಾ" ಎಂದಳು.

ಡೌವೆ ಒಂದೇ ಒಂದು ತೆಗೆದುಕೊಂಡ. ವಿಲ್ಮಾ ಟಕ್ಕನೆ ಮುಚ್ಚಳ ಹಾಕಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಅವಳು ಒಂದು ಗುಟುಕು ಕುಡಿದಳು. ಮುದುಕನೂ ಲೋಟ ಎತ್ತಿದ. ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದಿ ನಿಧಾನವಾಗಿ, ಪುಡಿಯೂ ಬಿಡದೆ ತಿಂದ. ಬ್ರೆಂಡಾ ತನ್ನ ಕಾಫಿ ಮರೆತು ನೋಡುತ್ತಿದ್ದಳು.

ತಿಂದು ಮುಗಿಸಿದ ಮುದುಕನ ಕಣ್ಣು ಡಬ್ಬಿಯ ಮೇಲೆ ಹೋಯಿತು. "ರೆನ್ಸ್ಕೆ ಆದ್ರೆ ಎರಡು ಕೊಡ್ತಾಳೆ" ಎಂದ.

"ನಮ್ಮಮ್ಮನಾ? ಸುಮ್ನಿರಿ ಅಜ್ಜಾ. ಹುಟ್ಟಿದಬ್ಬದ ದಿನಾನೂ ನಮಗೆ ಎರಡನೇದು ಸಿಕ್ಕಿಲ್ಲ."

"ನಿಮ್ಗೆ ಕೊಟ್ಟಿಲ್ವೇನೋ. ನನ್ಗೆ ಕೊಡ್ತಾಳೆ. ಮುಚ್ಚಳ ಹಾಕ್ತಾಳೆ, ಆಮೇಲೆ ಆ ಕಡೆ ಈ ಕಡೆ ನೋಡಿ ಮೆಲ್ಲಗೆ ತೆಗೀತಾಳೆ. 'ಮೊದಲನೇದು ನಮ್ಮೂರಿನ ಲೆಕ್ಕ ಅಜ್ಜಾ, ಇದು ಕೆನಡಾದ್ದು' ಅಂತಾಳೆ."

ಗೋರಿಯ ಮುಂದೆಯೂ ತಡೆದುಕೊಂಡಿದ್ದ ವಿಲ್ಮಾಗೆ ಈಗ ತಡೆಯಲಾಗಲಿಲ್ಲ. ನಗುವೂ ಅಳುವೂ ಒಟ್ಟಿಗೇ ಬಂದವು. ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಆ ಕಡೆ ಈ ಕಡೆ ನೋಡಿ, ಮೆಲ್ಲಗೆ ಮುಚ್ಚಳ ತೆಗೆದಳು.