ಕರ್ತನ ಭೋಜನಕ್ಕೆ ಎರಡು ಲೋಟ

ಮಾನ್ವಿ ಹತ್ತಿರದ ನಮ್ಮೂರಿನ ಕೇರಿಯ ಚರ್ಚಿಗೆ ರಾಯಚೂರಿನಿಂದ ಪಾಸ್ಟರ್ ಅಯ್ಯನವರು ತಿಂಗಳಿಗೊಮ್ಮೆ ಬಂದು ಯೇಸುವಿನ ನೆನಪಿನ ರೊಟ್ಟಿ, ದ್ರಾಕ್ಷಾರಸದ ಕರ್ತನ ಭೋಜನ ಕೊಡುತ್ತಿದ್ದರು. ಒಣದ್ರಾಕ್ಷಿ ನೆನೆಹಾಕಿ ರಸ ಹಿಂಡುವುದು, ಪಾತ್ರೆ ತೊಳೆಯುವುದು ನನ್ನ ಕೆಲಸ. ಪಾತ್ರೆ ಒಂದೇ, ಎಲ್ಲರೂ ಅದಕ್ಕೇ ಬಾಯಿ ಹಚ್ಚಬೇಕು. ಹೋಟೆಲಿನಲ್ಲಿ ನಮ್ಮ ಗ್ಲಾಸನ್ನು ಹೊರಗಿನ ಗೂಡಿನಲ್ಲಿ ಇಡುತ್ತಿದ್ದ ಕಾಲದಲ್ಲಿ ನನ್ನ ಅತ್ತೆ ಮಾವ ಆ ಒಂದು ಪಾತ್ರೆಯನ್ನು ನೋಡಿಯೇ ದೀಕ್ಷಾಸ್ನಾನಕ್ಕೆ ಒಪ್ಪಿದವರು. ಇನ್ನೊಂದು ಕಟ್ಟಳೆಯೂ ಇತ್ತು. ಜಗಳವಾದವರು ಸಭೆಯ ಮುಂದೆ ಕೈ ಹಿಡಿದು ಕ್ಷಮೆ ಕೇಳುವ ತನಕ ಪಾತ್ರೆ ಯಾರ ಕೈಗೂ ಹೋಗುವಂತಿರಲಿಲ್ಲ.

ಎಂಬತ್ತೇಳರಲ್ಲಿ ಮಂಡಲ ಪಂಚಾಯಿತಿ ಚುನಾವಣೆ ಬಂತು. ಊರಿನ ಇಬ್ಬರು ಗೌಡರು ದಾಯಾದಿಗಳು. ಒಬ್ಬ ಜನತಾ, ಇನ್ನೊಬ್ಬ ಕಾಂಗ್ರೆಸ್. ಕೇರಿಯೂ ಹಾಗೆಯೇ ಹೋಳಾಯಿತು. ನನ್ನ ಮಗ ಸುಂಕಪ್ಪ ಜನತಾ, ಎದುರು ಮನೆಯ ನನ್ನ ಅಳಿಯ ದೇವದಾನಪ್ಪ ಕಾಂಗ್ರೆಸ್. ಬ್ಯಾನರ್ ಹರಿದನೆಂದು ಸುಂಕಪ್ಪ ತನ್ನ ಗೌಡರ ಎದುರಿಗೇ ಭಾವನ ಕಪಾಳಕ್ಕೆ ಹೊಡೆದ. ಗೌಡರು ನಕ್ಕರಂತೆ.

ಮಗಳು ರಾಹೇಲಮ್ಮನಿಗೆ ಆಗ ದಿನ ತುಂಬುತ್ತಿದ್ದವು. ಕರೆದುಕೊಂಡು ಬರಲು ಹೋದೆ.

"ಚೊಚ್ಚಲ ಬಾಣಂತನ ತವರಾಗ ಆಗ್ಲೆಪ್ಪಾ, ಕಳಸು."

"ಕಳಸ್ತೀನಿ ಅತ್ತೀ. ನಿಮ್ಮ ಮಗ ಬಂದು ತಪ್ಪಾತು ಅನ್ಲಿ. ಇಲ್ಲಾಂದ್ರ ದೇವದುರ್ಗಕ್ಕ ನಮ್ಮಕ್ಕನ ಮನಿಗೆ. ಅಲ್ಲಿಗೆ ನಿಮ್ಮ ಕಡಿಯವ್ರು ಯಾರೂ ಬರಬ್ಯಾಡ್ರಿ, ನೀವೂ ಸೈತ."

ಮನೆಗೆ ಬಂದು ಮಗನಿಗೆ ಹೇಳಿದೆ. ಅವನು ಬೀಡಿ ಹಚ್ಚುತ್ತ, "ಯವ್ವಾ, ದೇವರ ಹತ್ರ ದಿನಾ ಕ್ಷಮಾ ಕೇಳ್ತೀನಿ. ಆ ಕಾಂಗ್ರೆಸ್ಸಿನವನ ಹತ್ರ ಯಾಕ ಕೇಳ್ಲಿ?" ಅಂದ.

"ಹೊಡದದ್ದು ದೇವರಿಗೇನಲೇ ನೀನು?"

ಅವನು ಬೀಡಿ ಸೇದುತ್ತ ಹೊರಗೆ ಹೋದ. ಆದರೂ ನನಗೆ ಧೈರ್ಯವಿತ್ತು. ಚಿಕ್ಕಂದಿನಿಂದ ಪಾತ್ರೆ ತಪ್ಪಿಸಿದವನಲ್ಲ ಸುಂಕಪ್ಪ. ಅಯ್ಯನವರು ಬರುವ ಭಾನುವಾರ ಭಾವನ ಕಡೆಗೆ ಕೈ ಚಾಚಲೇಬೇಕು, ಚಾಚಿದರೆ ಮಗಳು ನನ್ನ ಮನೆಗೆ.

ಭಾನುವಾರ ಪೂಜಾಮೇಜಿನ ಮೇಲೆ ಎರಡು ಸ್ಟೀಲ್ ಲೋಟ ಬಂದು ಕೂತಿದ್ದವು. ಒಂದನ್ನು ದೇವದಾನಪ್ಪನ ಕಡೆಯವರು ತಂದಿದ್ದರು, ಇನ್ನೊಂದನ್ನು ನಮ್ಮ ಓಣಿಯ ಬಂಡೆಮ್ಮ.

"ಏನ ಬೇ ಇದು?" ಅಂದೆ.

"ಅವರ ಎಂಜಲ ನಮಗ್ಯಾಕ?" ಅಂದಳು ಬಂಡೆಮ್ಮ. ಹೋಟೆಲಿನ ಗೂಡಿನ ಗ್ಲಾಸನ್ನು ನನ್ನಷ್ಟೇ ವರ್ಷ ತೊಳೆದಿಟ್ಟವಳು.

ಅಯ್ಯನವರು ಲೋಟ ನೋಡಿದರು. ಆಮೇಲೆ ಆ ಕಡೆ ಈ ಕಡೆ ತೋಳು ಮಡಚಿ ನಿಂತ ಗಂಡಸರನ್ನು ನೋಡಿದರು. "ಈ ಸಲ ಕ್ಷಮೆಯ ಮಾತು ಬ್ಯಾಡ, ಗದ್ದಲ ಆದೀತು. ಎರಡಕ್ಕೂ ಹಾಕ್ರಮ್ಮಾ," ಎಂದು ಮೆಲ್ಲಗೆ ಅಂದರು.

"ಅಯ್ಯನವರ, ನನ್ನ ಮಗಳದ್ದು..."

"ಗೊತ್ತದ. ಮುಂದಿನ ತಿಂಗಳು ನೋಡೋಣು."

"ಮುಂದಿನ ತಿಂಗಳಿಗೆ ಅಕಿ ಹಡದಿರ್ತಾಳ್ರೀ."

ಅವರು ಪುಸ್ತಕ ತೆರೆದರು. ನಾನು ಎರಡಕ್ಕೂ ರಸ ಹಾಕಿದೆ. ಸುಂಕಪ್ಪ ಈ ಕಡೆಯ ಲೋಟ ಕುಡಿದು ಕಣ್ಣು ಮುಚ್ಚಿ ಪ್ರಾರ್ಥಿಸಿದ. ದೇವದಾನಪ್ಪ ಆ ಕಡೆಯದು ಕುಡಿದು ಹೆಂಡತಿಗೆ ಕೊಟ್ಟ. ಇಬ್ಬರ ಮುಖದಲ್ಲೂ ಭಕ್ತಿಗೆ ಏನೂ ಕಡಿಮೆ ಇರಲಿಲ್ಲ.

"ಯಮ್ಮಾ, ನೀನು ಯಾವುದು ತೊಗೊಂತಿ?" ಬಂಡೆಮ್ಮ ಕೇಳಿದಳು.

"ನನಗ ನೀರಡಿಕಿಲ್ಲ."

ಆ ಮಧ್ಯಾಹ್ನವೇ ಅಳಿಯ ನನ್ನ ಮಗಳನ್ನು ದೇವದುರ್ಗದ ಬಸ್ಸು ಹತ್ತಿಸಿದ. ರಾಹೇಲಮ್ಮ ಕಿಟಕಿಯಿಂದ ನನ್ನ ಕೈ ಹಿಡಿದುಕೊಂಡಳು. ಕೈ ಬಿಸಿಯಿತ್ತು. "ಯವ್ವಾ, ಇದು ಹುಟ್ಟಿದ ಕೂಡ್ಲೆ ಯಾವ ಪಾರ್ಟಿ ಅಂತ ಕೇಳ್ತಾರೇನು?" ಎಂದು ನಗಲು ನೋಡಿದಳು. ಬಸ್ಸು ಹೊರಟಿತು.

ಬಿಳಿಜೋಳದ ರಾಶಿ ಮುಗಿಯುವ ಮೊದಲೇ ಇಬ್ಬರು ಗೌಡರೂ ಒಂದಾದರು. ಒಬ್ಬ ಪ್ರಧಾನ, ಇನ್ನೊಬ್ಬ ಉಪಪ್ರಧಾನ. ಒಂದೇ ಜೀಪಿನಲ್ಲಿ ಮಾನ್ವಿಗೆ ಓಡಾಡಿದರು. ನಮ್ಮವರು ಮಾತ್ರ ಒಂದಾಗಲಿಲ್ಲ. ಒಂದಾಗಿರೆಂದು ಯಾವ ಗೌಡನೂ ನಮ್ಮವರಿಗೆ ಹೇಳಿ ಕಳಿಸಿರಲಿಲ್ಲ.

ದೇವದುರ್ಗದಲ್ಲಿ ಹೆಣ್ಣು ಹುಟ್ಟಿತೆಂದು ಅಲ್ಲಿಂದ ಸಂತೆಗೆ ಬಂದ ಬಳೆ ಮಾರುವ ಮಹಬೂಬೀ ಹೇಳಿದಳು. ಕೂಸು ಯಾರನ್ನು ಹೋಲುತ್ತದೆಂದು ಕೇಳಿದೆ. ಬಳೆ ಮಾರಲು ಹೋದವಳು ಬಾಗಿಲಲ್ಲೇ ನಿಂತು ನೋಡಿದ್ದಳಂತೆ, ಮುಖ ಕಾಣಲಿಲ್ಲ ಅಂದಳು.