ಏಳನೇ ನಿಯಮ

"ಆ ಹುಡುಗಿ ಒಳಗೇ ಇದ್ದಾಳಾ? ಒಂದ್ಸಲ ಕರೀರಿ, ನೋಡೋಣ," ಎಂದಳು ಬ್ಯಾಂಕಿನಾಕೆ, ಮುಂಗೈಗೆ ಹಚ್ಚಿದ ಕ್ರೀಮನ್ನು ಮೂಸುತ್ತ.

ಸೋಫಾ, ದಿವಾನ, ಪಕ್ಕದ ಮನೆಯಿಂದ ತಂದ ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಎಲ್ಲ ಭರ್ತಿಯಾಗಿದ್ದವು. ಒಂಬತ್ತು ಹೆಂಗಸರ ಮುಖವೂ ಒಳಕೋಣೆಯ ಬಾಗಿಲ ಕಡೆ ತಿರುಗಿತು.

"ಓದ್ತಿದ್ದಾಳೆ ರೀ. ಪರೀಕ್ಷೆ ಹತ್ರ ಬಂತಲ್ಲ," ಎಂದು ಮನೆಯೊಡತಿ ಕ್ರೀಮಕ್ಕ ನಕ್ಕಳು. ಪರೀಕ್ಷೆಯೂ ಇರಲಿಲ್ಲ, ಓದೂ ಇರಲಿಲ್ಲ. ಮಗಳು ಒಳಗಿನಿಂದ ಚಿಲಕ ಹಾಕಿಕೊಂಡು ಕೂತು ಒಂದು ಗಂಟೆಯಾಗಿತ್ತು.

"ಬರೀ ಕೆನ್ನೆ ನೋಡ್ತೀವಿ, ಕಚ್ಚಲ್ಲ ಬಿಡಿ," ಎಂದು ಟೈಲರಮ್ಮ ತಮಾಷೆ ಮಾಡಿದಳು. ಎಲ್ಲರೂ ನಕ್ಕರು. ಅಸಲಿಗೆ ಇವತ್ತಿನ ಪಾರ್ಟಿ ಟೈಲರಮ್ಮನ ಮನೆಯಲ್ಲಿ ಆಗಬೇಕಿತ್ತು. ಅವಳ ಮನೆಗೆ ಬಣ್ಣ ಹೊಡೆಯುತ್ತಿದ್ದರಿಂದ ಇಲ್ಲಿಗೆ ಬಂತು. ಈ ಕಂಪನಿಗೆ ಅಂಗಡಿಯಿಲ್ಲ, ಟೀವಿಯಲ್ಲಿ ಜಾಹೀರಾತೂ ಇಲ್ಲ. ಒಬ್ಬಳು ತನ್ನ ಮನೆಗೆ ನಾಲ್ಕು ಜನರನ್ನು ಕರೆಯುತ್ತಾಳೆ, ಕ್ರೀಮಕ್ಕನಂಥವಳು ಚೀಲ ಬಿಚ್ಚಿ ಎಲ್ಲರ ಕೈಗೂ ಹಚ್ಚಿ ತೋರಿಸುತ್ತಾಳೆ, ಕರೆದವಳಿಗೆ ಒಂದು ಡಬ್ಬಿ ಉಡುಗೊರೆ. ಇದಕ್ಕೆ ಅವರು ಪಾರ್ಟಿ ಎನ್ನುತ್ತಾರೆ. ಕ್ರೀಮಕ್ಕನಿಗೆ ಹೆತ್ತವರು ಇಟ್ಟ ಹೆಸರು ಬೀದಿಗೆ ಎಂದೋ ಮರೆತುಹೋಗಿತ್ತು. ಅದಕ್ಕೆ ಅವಳಿಗೆ ಬೇಸರವೂ ಇರಲಿಲ್ಲ. ಹದಿನೆಂಟು ವರ್ಷ ಅಡುಗೆಮನೆಯಲ್ಲಿ ಬೆಂದವಳನ್ನು ಯಾವ ಹೆಸರಿನಿಂದಲೂ ಯಾರೂ ಕರೆದಿರಲಿಲ್ಲ. ಈಗ ಅವಳ ಕೈಕೆಳಗೆ ಹನ್ನೊಂದು ಜನ ಹೆಂಗಸರು ಕೆಲಸ ಮಾಡುತ್ತಿದ್ದರು. ಇನ್ನೊಬ್ಬಳು ಸೇರಿದರೆ ಕ್ರೀಮಕ್ಕನೂ ಲೀಡರ್. ವೇದಿಕೆ ಹತ್ತಿಸಿ ಕೊರಳಿಗೆ ಪಟ್ಟಿ ಹಾಕಿ ಮೇಡಂ ಅನ್ನುತ್ತಾರೆ. ಬ್ಯಾಂಕಿನಾಕೆಗೆ ಆಸೆ ಹುಟ್ಟಿದ್ದು ಕಣ್ಣಿಗೆ ಕಾಣುತ್ತಿತ್ತು. ಹನ್ನೆರಡನೆಯವಳು ಎದುರಿಗೇ ಕೂತು ಕೈ ಮೂಸುತ್ತಿದ್ದಳು.

ಆ ಆಸೆ ಹುಟ್ಟಿಸಿದ್ದು ಮಗಳ ಫೋಟೋ.

ಫೋಟೋ ಒಂದಲ್ಲ, ಎರಡು. ಎಡಗಡೆಯದರಲ್ಲಿ ಹಣೆ, ಕೆನ್ನೆ, ಗದ್ದ ತುಂಬ ಕೆಂಪು ಮೊಡವೆ, ನಿದ್ದೆಗಣ್ಣು, ಕೆದರಿದ ಕೂದಲು. ಬಲಗಡೆಯದರಲ್ಲಿ ಅದೇ ಹುಡುಗಿ, ಕೆನ್ನೆ ತೊಳೆದ ಪಿಂಗಾಣಿ ತಟ್ಟೆ. ಕೆಳಗೆ 'ನನ್ನ ಮಗಳು. ನಮ್ಮ ಕ್ರೀಮ್. ಅರವತ್ತು ದಿನ' ಎಂಬ ಸಾಲು. ಎಡಗಡೆಯದನ್ನು ತೆಗೆಯುವಾಗ, "ಕಡಿಮೆ ಆಗಿದ್ಯೋ ಇಲ್ವೋ ಆಮೇಲೆ ನೋಡೋಕೆ ಕಣೆ, ಈ ಕಡೆ ತಿರುಗು" ಎಂದು ಕ್ರೀಮಕ್ಕ ಕಿಟಕಿಯ ಬೆಳಕಿಗೆ ನಿಲ್ಲಿಸಿದ್ದಳು. ಮಗಳು ನಂಬಿ ನಿಂತಿದ್ದಳು. ಕ್ರೀಮು ಹಚ್ಚಿದ್ದು ನಾಲ್ಕೇ ದಿನ. ಉರಿ ಎಂದು ಬಿಟ್ಟುಬಿಟ್ಟಳು. ಮೊಡವೆ ಹೋದದ್ದು ಆಸ್ಪತ್ರೆಯ ಡಾಕ್ಟರಮ್ಮ ಕೊಟ್ಟ ಮಾತ್ರೆಯಿಂದ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರನ್ನು ಲೋಕ ಬೈಯುತ್ತದೆ. ತನ್ನ ಮಗಳನ್ನೇ ತಳ್ಳಿದರೆ ಕೇಳುವವರು ಯಾರು?

ಕ್ರೀಮಕ್ಕ ತನ್ನ ಪೇಜಿಗೆ ಫೋಟೋ ಹಾಕಿದ ವಾರಕ್ಕೆ ಅದು ಮಗಳ ಕಾಲೇಜಿಗೂ ತಲುಪಿತು. ಯಾರೋ ಪುಣ್ಯಾತ್ಮರು ಎಡಗಡೆಯ ಮುಖವನ್ನಷ್ಟೇ ಕತ್ತರಿಸಿ ಸ್ಟಿಕರ್ ಮಾಡಿದರು. ಕ್ಲಾಸಿಗೆ ತಡವಾಗಿ ಬಂದವರಿಗೆ, ಫೇಲಾದವರಿಗೆ, ಎಲ್ಲರಿಗೂ ಅದೇ ಮುಖ, ಅದರ ಮೇಲೆ 'ಅರವತ್ತು ದಿನ ತಡ್ಕೋ' ಎಂಬ ಬರಹ. ಫೋಟೋ ತೆಗೆ ಎಂದು ಮಗಳು ಮೊದಲ ಸಲ ಮೆಲ್ಲಗೆ ಕೇಳಿದಳು, ಎರಡನೇ ಸಲ ಜಗಳವಾಡಿ ಕೇಳಿದಳು. "ಚೆನ್ನಾಗಾಗಿರೋದನ್ನ ತಾನೇ ತೋರ್ಸಿರೋದು? ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರೆ, ನಾನು ನಿನ್ನ ರಾಜಕುಮಾರಿ ಮಾಡಿ ಹಾಕಿದೀನಿ," ಎಂದು ಕ್ರೀಮಕ್ಕ ಹಾರಿಸಿಬಿಟ್ಟಳು. ಮೂರನೇ ಸಲ ಮಗಳು ಊಟದ ತಟ್ಟೆ ಮುಟ್ಟದೆ ಎದುರಿಗೆ ಕೂತಳು.

"ತೆಗಿ ಅಮ್ಮ. ನಾನು ಕಾಲೇಜಿಗೆ ಹೋಗೋಕಾಗ್ತಿಲ್ಲ."

"ಒಂದು ಸಲ ಹಾಕಿದ್ಮೇಲೆ ನಾವು ತೆಗೆಯೋಕೆ ಬರಲ್ಲ ಮರೀ. ಕಂಪನಿ ಪೇಜು ಅದು. ಅವರ ಪರ್ಮಿಶನ್ ಬೇಕು, ತುಂಬಾ ತಾಪತ್ರಯ."

ಮಗಳು ಅಮ್ಮನ ಮುಖವನ್ನೇ ನೋಡಿದಳು. ಹತ್ತೊಂಬತ್ತು ವರ್ಷದ ಹುಡುಗಿ, ಮೊಬೈಲು ಅರಿಯದವಳೇ? ಆದರೂ ತಟ್ಟೆ ಸರಿಸಿ ಎದ್ದುಹೋದಳು. ಅವತ್ತಿನಿಂದ ಮೂರು ವಾರ, ಹೂಂ ಉಹೂಂ ಬಿಟ್ಟು ಮೂರನೆಯ ಮಾತಿರಲಿಲ್ಲ.

ಶೆಲ್ಫಿನ ಮೇಲಿದ್ದ ಮೊಬೈಲು ಗುರ್ರೆಂದಿತು. ಅವಳನ್ನು ಕಂಪನಿಗೆ ಸೇರಿಸಿದ ಲೀಡರ್ ಮೇಡಂ. ಕ್ರೀಮಕ್ಕ ಹೆಂಗಸರ ಮುಂದೆ ಬಿಸ್ಕತ್ತಿನ ತಟ್ಟೆಯಿಟ್ಟು ಅಡುಗೆಮನೆಗೆ ನುಗ್ಗಿದಳು.

"ಏನ್ರೀ ಮಾಡ್ಕೊಂಡಿದೀರಾ? ನಿಮ್ಮ ಪೇಜಿನ ಮೇಲೆ ಕಂಪ್ಲೇಂಟ್ ಆಗಿದೆ. ಹೆಡ್ಡಾಫೀಸಿಂದ ಈಗಷ್ಟೇ ಮೇಲ್ ಬಂತು. ಏಳನೇ ನಿಯಮ ಓದಿಲ್ವಾ? ಮೊದಲು-ಆಮೇಲೆ ಫೋಟೋ ಸಾರ್ವಜನಿಕವಾಗಿ ಹಾಕೋ ಹಾಗಿಲ್ಲ. ಅರ್ಧ ಗಂಟೇಲಿ ತೆಗೀದಿದ್ರೆ ನಿಮ್ಮ ಐಡಿ ಬ್ಲಾಕು."

"ಹಾಕಿ ಅಂತ ನೀವೇ ಹೇಳಿದ್ರಲ್ಲ ಮೇಡಂ?"

"ನಾನು ನಮ್ಮ ಗ್ರೂಪಲ್ಲಿ ಹಾಕಿ ಅಂದೆ. ಊರಿಗೆಲ್ಲ ಕಾಣೋ ಹಾಗೆ ಹಾಕಿ ಅಂದ್ನಾ?"

ಗ್ರೂಪಲ್ಲಿ ಹಾಕಿದಾಗ 'ಇಷ್ಟು ಒಳ್ಳೇದನ್ನ ಬಚ್ಚಿಡ್ತಾರಾ' ಎಂದವಳು ಇವಳೇ. ವಾದ ಮಾಡುವ ಹೊತ್ತಾಗಿರಲಿಲ್ಲ. ನಿಯಮದ ಪುಸ್ತಕಕ್ಕೆ ಸಹಿ ಹಾಕಿದ ದಿನ ಹೋಟೆಲಿನ ಹಾಲಿನಲ್ಲಿ ಊಟ ಆರುತ್ತಿತ್ತು, ಅರವತ್ತು ಜನರಲ್ಲಿ ಒಬ್ಬರೂ ಪುಟ ತಿರುವಿರಲಿಲ್ಲ. ಕ್ರೀಮಕ್ಕ ಸಿಂಕಿಗೆ ಒರಗಿ ನಿಂತು ಪೇಜು ತೆರೆದಳು. ಫೋಟೋದ ಮೂಲೆಯ ಮೂರು ಚುಕ್ಕಿ ಒತ್ತಿದಳು. 'ಅಳಿಸಲೇ?' ಎಂದು ಕೇಳಿತು. ಹೌದು ಎಂದಳು. ಅಷ್ಟೇ. ಹಾಲು ಉಕ್ಕುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಐದು ಗಂಟೆಗೆ ಹೆಂಗಸರು ಎದ್ದರು. ಬ್ಯಾಂಕಿನಾಕೆ "ಯೋಚನೆ ಮಾಡಿ ಹೇಳ್ತೀನಿ" ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟು ಹೋದಳು. ಕ್ರೀಮಕ್ಕ ಕುರ್ಚಿಗಳನ್ನು ಒಂದರೊಳಗೊಂದು ಸಿಕ್ಕಿಸುತ್ತಿದ್ದಾಗ ಒಳಕೋಣೆಯ ಚಿಲಕ ಸರಿದ ಸದ್ದಾಯಿತು. ಮಗಳು ಮೊಬೈಲು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು.

"ತೆಗೆದ್ಯಾ?"

"ಹೂಂ."

"ನಿಜವಾಗ್ಲೂ? ಅಷ್ಟು ಜನ ಬಂದಿರೋವಾಗ್ಲೇ?"

ಇಲ್ಲಿ ಒಂದು ಮಾತು ಹೇಳಬಹುದಿತ್ತು. ಕ್ರೀಮಕ್ಕನ ಬಾಯಿಗೂ ಬಂದಿತ್ತು. ಆದರೆ ಮಗಳ ಕಣ್ಣು ಒದ್ದೆಯಾಗಿತ್ತು, ತುಟಿ ನಗುವುದಕ್ಕೆ ಹವಣಿಸುತ್ತಿತ್ತು. ಮೂರು ವಾರದ ಮೇಲೆ ಆ ಮುಖ ತನ್ನ ಕಡೆ ತಿರುಗಿದೆ. ಹೇಗೆ ಹೇಳುವುದು?

"ನೀನು ಅಷ್ಟು ಸಲ ಕೇಳಿದ್ಯಲ್ಲ," ಎಂದಳು.

ಮಗಳು ಬಂದು ಹಿಂದಿನಿಂದ ತಬ್ಬಿದಳು. ಕುರ್ಚಿಗಳ ಸಮೇತ ಇಬ್ಬರೂ ವಾಲಿದರು. "ತೆಗೆಯೋಕೆ ಬರಲ್ಲ ಅಂದ್ಯಲ್ಲ, ಕಳ್ಳಿ," ಎಂದು ಗದರಿದಳು, ಕೋಪವಿರಲಿಲ್ಲ. ಕುರ್ಚಿಗಳನ್ನು ತಾನೇ ಪಕ್ಕದ ಮನೆಗೆ ಮುಟ್ಟಿಸಿದಳು. ಲೋಟ ತೊಳೆದಳು. ಟೈಲರಮ್ಮ ನಗುವ ರೀತಿಯನ್ನು ಅಣಕಿಸಿ ತೋರಿಸಿದಳು. ನಾಳೆ ಕಾಲೇಜಿಗೆ ಹೋಗುತ್ತೇನೆ, ನೀಲಿ ಬಟ್ಟೆ ಇಸ್ತ್ರಿ ಮಾಡಬೇಕು ಎಂದಳು. ಕ್ರೀಮಕ್ಕನ ಎದೆ ತುಂಬಿ ಬಂತು. ಸುಳ್ಳಿನಿಂದ ಬಂದ ಸುಖವಾದರೂ ಸುಖ ಸುಖವೇ ಅಲ್ಲವೇ ಎಂದು ತನಗೆ ತಾನೇ ಹೇಳಿಕೊಂಡಳು.

ಐದೂ ಮುಕ್ಕಾಲಿಗೆ ಮೇಡಮ್ಮನ ಮೆಸೇಜು ಬಂತು. 'ಫೋಟೋ ತೆಗೆದರೆ ಸಾಲದು. ಅದರಲ್ಲಿರುವವರ ಒಪ್ಪಿಗೆ ಪತ್ರ ಬೇಕು, ನಮೂನೆ ಜೊತೆಗಿದೆ. ಅವರದೇ ಕೈಬರಹ, ಅವರದೇ ಸಹಿ. ಕಾಲೇಜಿನ ಐಡಿ ಕಾರ್ಡಿನ ಜೊತೆ ತಾಳೆ ನೋಡುತ್ತಾರೆ. ಏಳರೊಳಗೆ ಕಳಿಸಿ, ಇಲ್ಲದಿದ್ದರೆ ನಾನು ಏನೂ ಮಾಡಲಾರೆ.'

ಮೂಲೆಯ ಜೆರಾಕ್ಸ್ ಅಂಗಡಿಗೆ ಹೋಗಿ ಪ್ರಿಂಟು ತೆಗೆಸಿ ಬರುವ ದಾರಿಯುದ್ದಕ್ಕೂ ಕ್ರೀಮಕ್ಕ ಮಾತು ಜೋಡಿಸಿದಳು. ಅತ್ತ ದರಿ, ಇತ್ತ ಪುಲಿ. ಸಹಿಯನ್ನು ತಾನೇ ಗೀಚಿಬಿಡೋಣವೇ ಎಂದೂ ಒಮ್ಮೆ ಅನ್ನಿಸಿತು. ಆದರೆ ತಾಳೆ ನೋಡುತ್ತಾರಂತೆ. ಮನೆಗೆ ಬಂದರೆ ಮಗಳು ಎರಡು ಲೋಟ ಚಹಾ ಮಾಡಿ ಕಾಯುತ್ತಿದ್ದಳು.

"ಒಂದು ಸೈನ್ ಹಾಕು ಮರೀ."

"ಏನದು?"

"ಏನಿಲ್ಲ, ಬರೀ ಫಾರ್ಮಾಲಿಟಿ. ಓದೋ ಅಂಥದ್ದೇನಿಲ್ಲ."

ಓದದೆ ಸಹಿ ಹಾಕುವ ಕೆಟ್ಟ ಅಭ್ಯಾಸ ಮಗಳಿಗೆ ಅಮ್ಮನಿಂದ ಬಂದಿರಲಿಲ್ಲ. ಲೋಟ ಪಕ್ಕಕ್ಕಿಟ್ಟು ಮೇಲಿನಿಂದ ಓದಿದಳು. ಮೊದಲ ಸಾಲನ್ನು ಮಾತ್ರ ಗಟ್ಟಿಯಾಗಿ ಓದಿದಳು.

"ಕಂಪನಿ ಸೂಚನೆ ನೀಡಿದ ಸಮಯ, ಮೂರು ನಲವತ್ತು. ಫೋಟೋ ಅಳಿಸಿದ ಸಮಯ, ಮೂರು ನಲವತ್ತೆರಡು."

ಕ್ರೀಮಕ್ಕ ಚಹಾ ಕುಡಿಯುವ ನೆಪದಲ್ಲಿ ತಲೆ ತಗ್ಗಿಸಿದಳು.

"ಅವರು ಹೇಳಿದ್ದಕ್ಕಾ?"

"ನಿಂಗೂ ಬೇಕಿತ್ತಲ್ಲ ಕಣೆ. ಹೋಯ್ತಲ್ಲ ಈಗ. ಯಾರು ಹೇಳಿದ್ರೇನು?"

ಮಗಳು ಅಳಲಿಲ್ಲ, ಕಾಗದ ಹರಿಯಲಿಲ್ಲ. ಎರಡರಲ್ಲಿ ಒಂದು ಮಾಡಿದ್ದರೂ ಕ್ರೀಮಕ್ಕ ಸಮಾಧಾನ ಹೇಳಲು ಏನೋ ದಾರಿ ಹುಡುಕುತ್ತಿದ್ದಳು. ಹುಡುಗಿ ಪೆನ್ನು ತೆಗೆದುಕೊಂಡಳು.

"ಒಪ್ಪಿಗೆ ಕೊಟ್ಟ ತಾರೀಖು ಅಂತಿದೆ. ಯಾವತ್ತಿಂದು ಹಾಕ್ಲಿ?"

"ಮರೀ, ಹಾಗನ್ಬೇಡ. ಇದೊಂದು ಹೋದ್ರೆ ನಂಗೆ ಇನ್ನೇನೂ ಇಲ್ಲ."

"ತಾರೀಖು ಹೇಳಮ್ಮ."

ಕ್ರೀಮಕ್ಕ ಲೆಕ್ಕ ಹಾಕಿ ಹೇಳಿದಳು. ಫೋಟೋ ಹಾಕುವುದಕ್ಕೆ ಎರಡು ದಿನ ಮುಂಚಿನದು.

"ಕ್ರೀಮು ಎಷ್ಟು ದಿನ ಹಚ್ಚಿದೆ ಅಂತ ಬರೀಲಿ?"

ಮಗಳು ತಾನೇ 'ಅರವತ್ತು' ಎಂದು ದುಂಡಗೆ ಬರೆದಳು. ಕೆಳಗೆ ಇನ್ನೇನೋ ಒಂದು ಗುರುತು ಹಾಕಿ, ಸಹಿ ಮಾಡಿ, ಕಾಗದವನ್ನು ಅಮ್ಮನ ಕಡೆ ತಳ್ಳಿ, ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅವಳ ಲೋಟದಲ್ಲಿ ಚಹಾ ಹಾಗೇ ಇತ್ತು.

ಕ್ರೀಮಕ್ಕ ಕನ್ನಡಕ ಹಾಕಿಕೊಂಡು ನೋಡಿದಳು. ಎಲ್ಲ ಸರಿಯಾಗಿತ್ತು. ಕೊನೆಯ ಸಾಲಿನಲ್ಲಿ 'ಮಾರಾಟ ಮಾಡುವವರಿಗೂ ನಿಮಗೂ ಇರುವ ಸಂಬಂಧ' ಎಂದು ಕೇಳಿ ಮೂರು ಚೌಕ ಕೊಟ್ಟಿದ್ದರು: ಕುಟುಂಬದವರು, ಪರಿಚಯದವರು, ಗ್ರಾಹಕರು. ಮೊದಲೆರಡು ಖಾಲಿ. ಮೂರನೆಯದರಲ್ಲಿ ಮಗಳು ಅಚ್ಚುಕಟ್ಟಾಗಿ ಗುರುತು ಹಾಕಿದ್ದಳು.

ಪೆನ್ನು ಅಲ್ಲೇ ಇತ್ತು. ಆದರೆ ಹೊಡೆದು ತಿದ್ದಿದ ಪತ್ರ ನಡೆಯುವುದಿಲ್ಲ ಎಂದು ಅಡಿಯಲ್ಲಿ ಅಚ್ಚಾಗಿತ್ತು. ಇನ್ನೊಂದು ಪ್ರಿಂಟು ತೆಗೆಸಿ ತರಬಹುದಿತ್ತು, ಮಗಳ ಮುಂದೆ ಇನ್ನೊಮ್ಮೆ ಇಡಬೇಕಾಗುತ್ತಿತ್ತು. ಗಡಿಯಾರ ಆರೂ ಐವತ್ತು ತೋರಿಸುತ್ತಿತ್ತು. ಕ್ರೀಮಕ್ಕ ಕಾಗದವನ್ನು ಟ್ಯೂಬ್‌ಲೈಟಿನ ಕೆಳಗೆ ಹರಡಿ, ತನ್ನ ನೆರಳು ಬೀಳದ ಹಾಗೆ ಬಾಗಿ, ಫೋಟೋ ತೆಗೆದು, ಮಗಳ ಐಡಿ ಕಾರ್ಡಿನ ಫೋಟೋ ಜೊತೆ ಕಳಿಸಿದಳು.

ಏಳಕ್ಕೆ ಸರಿಯಾಗಿ ಲೀಡರ್ ಮೇಡಮ್ಮನ ಧ್ವನಿ ಸಂದೇಶ ಬಂತು. ಕ್ರೀಮಕ್ಕ ಒತ್ತಿದಳು. ಪಾರ್ಟಿಯಲ್ಲಿ ಎಲ್ಲರಿಗೂ ವಿಡಿಯೋ ಕೇಳಿಸಲಿ ಎಂದು ಮಧ್ಯಾಹ್ನ ಏರಿಸಿಟ್ಟಿದ್ದ ಸದ್ದು ಇನ್ನೂ ಇಳಿದಿರಲಿಲ್ಲ. ಮೇಡಮ್ಮನ ಗಂಟಲು ಇಡೀ ಮನೆ ತುಂಬಿತು.

"ಪಾಸಾಯ್ತು ಕಣ್ರೀ, ಅವರು ನೋಡಿದ್ದು ಕಾಗದ ಮಾತ್ರ. ಗ್ರಾಹಕರು ಅಂತ ಬರೆಸಿದ್ದು ಒಳ್ಳೇದಾಯ್ತು ನೋಡಿ. ಮಗಳು ಅಂತ ಬರೆಸಿದ್ರೆ, ಮನೆಯವರನ್ನ ತೋರಿಸೋ ಹಾಗಿಲ್ಲ ಅನ್ನೋ ಎಂಟನೇ ನಿಯಮ ಬೇರೆ ಸುತ್ಕೊಳ್ತಿತ್ತು. ಜಾಣೆ ನೀವು."

ಅಡುಗೆಮನೆಯಲ್ಲಿ ನಲ್ಲಿಯ ಸದ್ದು ನಿಂತಿತು. ಕ್ರೀಮಕ್ಕ ಕಾದಳು. ಸ್ವಲ್ಪ ಹೊತ್ತಿಗೆ ನೀರು ಮತ್ತೆ ಸುರಿಯತೊಡಗಿತು, ಅದರಡಿಯಲ್ಲಿ ಒಂದು ಲೋಟವನ್ನು ತಿಕ್ಕುವ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು.